ವಾದಿ ಚಂದ್ರವ್ವ

ಗೋಡೆಗೆ ಮೊಳೆ ಹೊಡೆಯಲು ಕಲ್ಲೆತ್ತಿದ ನನ್ನ ಕೈಯನ್ನು ಚಂದ್ರವ್ವ ಗಟ್ಟಿಯಾಗಿ ಹಿಡಿದುಕೊಂಡಳು. ನಮ್ಮ ಪರಿಚಯ ಆದದ್ದೇ ಹಾಗೆ. ಅಂಗಿ ತೂಗುಹಾಕಲು ನನಗೊಂದು ಮೊಳೆ ಬೇಕಾಗಿತ್ತು, ಅಷ್ಟೆ.

"ಹೊಡಿಬ್ಯಾಡ. ಯಥಾಸ್ಥಿತಿ ಐತಿ."

"ಅಂದ್ರ ಏನ್ರಿ ಆಯಿ?"

"ಲಾ ಓದಾಕ ಬಂದಾಂವ ನೀನು, ಅಂದ್ರ ಏನಂತ ನನ್ನ ಕೇಳ್ತೀಯೇನಲೇ? ಕೋರ್ಟಿನ ಆರ್ಡರ್ ಐತಿ. ಕೇಸ್ ಮುಗಿಯೂತನಕ ಈ ಮನಿ ಹೆಂಗೈತಿ ಹಂಗ ಇರಬೇಕು. ಅಂಗಿ ಹಗ್ಗದ ಮ್ಯಾಲ ಒಗಿ."

ಮನೆ ಇದ್ದ ಹಾಗೇ ಇರಬೇಕಾದರೆ ನನಗೆ ಕೋಣೆ ಬಾಡಿಗೆಗೆ ಕೊಟ್ಟದ್ದು ಹೇಗೆ ಎಂದು ಕೇಳಿದೆ. ಅದಕ್ಕೂ ಉತ್ತರ ತಯಾರಿತ್ತು. ಕೇಸು ಹಾಕಿದ ದಿನ ಆ ಕೋಣೆಯಲ್ಲಿ ಸಾಲಿ ಮಾಸ್ತರೊಬ್ಬರು ಬಾಡಿಗೆಗಿದ್ದರಂತೆ. ಹಾಗಾಗಿ ಅಲ್ಲಿ ಯಾವಾಗಲೂ ಒಬ್ಬ ಬಾಡಿಗೆಯವನು ಇರಲೇಬೇಕು. ಕೋಣೆ ಖಾಲಿ ಬಿಟ್ಟರೇ ಆರ್ಡರ್ ಮುರಿದಂತೆ.

ಜಮಖಂಡಿಯಲ್ಲಿ ನನ್ನ ಕಾನೂನು ಓದು ಶುರುವಾದದ್ದು ಹೀಗೆ, ಕಾಲೇಜಿನ ಬಾಗಿಲು ನೋಡುವ ಮೊದಲೇ.

ನಾನು ಬನಹಟ್ಟಿಯವನು. ನಮ್ಮ ಮನೆಯೊಳಗೇ ಪಾವರ್‌ಲೂಮ್. ಆ ಸದ್ದಿನ ನಡುವೆ ಓದಿ ಬಿ.ಎ. ಮುಗಿಸಿದವನು ನಮ್ಮ ಮನೆತನದಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಅದು ಪುಕ್ಕಟೆ ಬಂದದ್ದಲ್ಲ. ಬಿ.ಎ.ಯನ್ನು ಹೇಗೋ ಓದಿಬಿಟ್ಟೆ. ಲಾ ಹಾಗೆ ಓದಲು ಬರುವುದಿಲ್ಲ, ಶಾಂತ ಜಾಗ ಬೇಕು ಎಂದು ಹಟ ಹಿಡಿದು ಜಮಖಂಡಿಗೆ ಬಂದೆ. ಶಾಂತ ಜಾಗವೂ ಸಿಕ್ಕಿತು. ಮಗ್ಗದ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂಬುದು ಮಾತ್ರ ನನಗೆ ಮೊದಲೇ ತಿಳಿದಿರಲಿಲ್ಲ.

ಕಾಲೇಜಿನಲ್ಲಿ ಹಾಜರಿ ಕೂಗುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು, ಬೆಂಚಿನ ಮೇಲೆ ಇರುತ್ತಿದ್ದವರು ಮಾತ್ರ ನಾಲ್ಕೋ ಐದೋ ಮಂದಿ. ಉಳಿದವರು ಮಾಸ್ತರರು, ಗುತ್ತಿಗೆದಾರರು, ಪಂಚಾಯಿತಿ ಮೆಂಬರರು. ಪರೀಕ್ಷೆಗೆ ಮಾತ್ರ ಮುಖ ತೋರಿಸುವವರು. ಪಾಠ ಇಂಗ್ಲಿಷಿನಲ್ಲಿ, ನಡುನಡುವೆ ಲ್ಯಾಟಿನ್. ಸರ್ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನಾಲಗೆ ಹೊರಳುತ್ತಿರಲಿಲ್ಲ. ರವಿವಾರ ಊರಿಗೆ ಹೋದರೆ ಓಣಿಯ ಮಂದಿ "ವಕೀಲ್ರು ಬಂದ್ರು" ಎಂದು ಹೊಲದ ಉತಾರದ ಕಾಗದ ಹಿಡಿದು ಬರುತ್ತಿದ್ದರು. ಕಾಲೇಜಿನಲ್ಲಿ ಏನೂ ತಿಳಿಯದವನು, ಊರಿನಲ್ಲಿ ಎಲ್ಲ ತಿಳಿದವನು. ಎರಡೂ ಕಡೆ ನಾನು ನಾನಾಗಿರಲಿಲ್ಲ. ಯಾರ ಮುಂದೆ ಹೇಳಿಕೊಳ್ಳುವುದು? ಮೊದಲ ವರ್ಷವೆಂದರೆ ನನಗೆ ಅದೇ: ದಪ್ಪ ಪುಸ್ತಕ, ಮಾತಾಡದ ಕೋಣೆ, ಗೋಡೆಯ ಆಚೆ ಚಂದ್ರವ್ವನ ಬಳೆಯಿಲ್ಲದ ಕೈ ರೊಟ್ಟಿ ಬಡಿಯುವ ಸದ್ದು.

ಚಂದ್ರವ್ವ ಗಿಡ್ಡ ಆಳು, ಬಿಳಿ ತಲೆ, ಹಣೆಗೆ ವಿಭೂತಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಪ್ಪ ಸತ್ತ ಮೇಲೆ ತಮ್ಮನ ಹೆಂಡತಿ ಜೊತೆ ಜಗಳ ಬೆಳೆಯಿತು. ಸಿಟ್ಟಿನಲ್ಲಿ ತಮ್ಮ ಮಲ್ಲಪ್ಪ ಅಂಗಳದ ನಡುವೆ ಮಣ್ಣಿನ ಗೋಡೆ ಎಬ್ಬಿಸಿದ, ಅದೇ ಸಿಟ್ಟಿನಲ್ಲಿ ಅವಳು ಅರ್ಧ ಮನೆಗೆ ದಾವೆ ಹಾಕಿದಳು. ಅವತ್ತಿನಿಂದ ಅಕ್ಕ ತಮ್ಮಂದಿರು ಮನೆಯಲ್ಲಿ ಒಂದು ಮಾತೂ ಆಡಿದವರಲ್ಲ. ತಮ್ಮನ ಹೆಸರನ್ನೂ ಅವಳು ಆ ಮನೆಯೊಳಗೆ ಹೇಳುತ್ತಿರಲಿಲ್ಲ. "ಪ್ರತಿವಾದಿ ಇವತ್ತ ಭಾಳ ಕೆಮ್ಮಾಕತ್ತಾನ," ಅನ್ನುವಳು. "ಪ್ರತಿವಾದಿ ಹೇಂತಿ ಒಗ್ಗರಣಿ ಹೊತ್ತಿಸ್ಯಾಳ, ಪಾಪ ಪ್ರತಿವಾದಿ ಏನ ತಿಂದಾನು."

ಕೆಮ್ಮು ಕೇಳಿಸಿದಾಗ ಅವಳ ಕೈಕೆಲಸ ನಿಲ್ಲುತ್ತಿತ್ತು. ಆಚೆ ಕೆಮ್ಮು ನಿಂತ ಮೇಲೆಯೇ ಈಚೆ ರೊಟ್ಟಿ ಮುಂದುವರಿಯುತ್ತಿತ್ತು.

ನಾನು ಸಂಜೆ ಗಟ್ಟಿಯಾಗಿ ಓದುತ್ತಿದ್ದೆ, ನಾಲಗೆ ತಿರುಗಲಿ ಎಂದು. ಅವಳು ಹೊಸ್ತಿಲ ಮೇಲೆ ಕುಳಿತು ಕೇಳುತ್ತಿದ್ದಳು. "ಅದನ್ನ ಕನ್ನಡದಾಗ ಹೇಳು, ನನಗ ತಿಳಿದ್ರ ನಿನಗ ತಿಳದಂಗ." ಒಮ್ಮೆ ಕರಾರು ಕಾಯ್ದೆ ಓದುತ್ತಿದ್ದೆ. ಮನಸ್ಸಿನೊಳಗೆ ಒಪ್ಪಿದರೆ ಸಾಲದು, ಒಪ್ಪಿಗೆಯನ್ನು ಎದುರಿನವನಿಗೆ ತಿಳಿಸಬೇಕು ಎಂದು ಬಿಡಿಸಿ ಹೇಳಿದೆ.

"ಹಂಗಾರ ಮನಸಿನಾಗ ಇದ್ದದ್ದು ಕಾಯದೇಕ್ಕ ಕಾಣೂದಿಲ್ಲನು?"

"ಇಲ್ಲ ಆಯಿ."

"ಕುರುಡ ಕಾಯದೇ," ಎಂದು ಎದ್ದು ಹೋದಳು.

ಕೋರ್ಟಿಗೆ ಹೋಗಿ ಕುಳಿತು ನೋಡಿರಿ ಎಂದು ನಮ್ಮ ಸರ್ ಹೇಳಿದ್ದರು. ಚಂದ್ರವ್ವನಿಗೆ ಹೇಳಿದರೆ, "ನಾಳೆ ನನ್ನ ತಾರೀಖು ಐತಿ, ಬಾ ನನ್ನ ಜೋಡಿ," ಎಂದಳು. ಮರುದಿನ ಬೆಳಿಗ್ಗೆ ನೋಡುತ್ತೇನೆ, ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ, ತಲೆಗೆ ಎಣ್ಣೆ, ಕೈಯಲ್ಲಿ ದೊಡ್ಡ ಬುತ್ತಿ ಗಂಟು. ಎಣ್ಣೆಗಾಯಿ ಬದನೆಕಾಯಿಯ ವಾಸನೆ ಮನೆತುಂಬಾ. ಇಬ್ಬರಿಗೆ ಇಷ್ಟೊಂದು ಯಾಕೆ ಎಂದರೆ, ಗಂಟನ್ನು ಇನ್ನಷ್ಟು ಬಿಗಿದು ಮುಂದೆ ನಡೆದಳು.

ಕೋರ್ಟಿನ ಅಂಗಳದ ತುಂಬ ಮುಳುಗಡೆಯ ಮಂದಿ, ಆಣೆಕಟ್ಟಿನ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟು ಪರಿಹಾರದ ಕೇಸಿಗಾಗಿ ಅಲೆಯುವವರು. ಅವರ ನಡುವೆ ದಾರಿ ಮಾಡಿಕೊಂಡು ಚಂದ್ರವ್ವ ನೆಟ್ಟಗೆ ಬೇವಿನ ಗಿಡದ ಕಟ್ಟೆಗೆ ಹೋದಳು. ಅಲ್ಲಿ ರುಮಾಲಿನ ಮುದುಕನೊಬ್ಬ ಮೊದಲೇ ಕುಳಿತಿದ್ದ. ಅವಳು ಪಕ್ಕದಲ್ಲಿ ಕುಳಿತು ಗಂಟು ಬಿಚ್ಚಿದಳು.

"ಮಲ್ಲ್ಯಾ, ಕೆಮ್ಮಿಗೆ ಔಷಧ ತಗೊಂಡಿಯೋ ಇಲ್ಲೋ?"

"ತಗೊಂಡೀನಕ್ಕಾ."

"ಸುಳ್ಳ ಹೇಳಬ್ಯಾಡ. ನಿನ್ನೆ ಅಷ್ಟು ಕೆಮ್ಮಿದಿ."

"ಕೇಳಸ್ತಾವನು ನಿನಗ?"

"ಮಣ್ಣಿನ ಗ್ವಾಡಿ, ಎಲ್ಲಾ ಕೇಳಸ್ತಾವ. ತಿನ್ನು, ಬದನಿಕಾಯಿ ಮೊದಲು ತಿನ್ನು."

ನಾನು ಬೆಪ್ಪಾಗಿ ನಿಂತೆ. ಪಕ್ಕದಲ್ಲಿ ಕುಳಿತಿದ್ದ ಅನಗವಾಡಿ ಕಡೆಯ ರೈತನೊಬ್ಬ ಕೇಸು ಯಾವುದು, ಕಕ್ಷಿದಾರರು ಯಾರು ಎಂದು ವಿಚಾರಿಸಿ ನಗಾಡಿದ: "ಪುಣ್ಯವಂತರದೀರಿ ಯವ್ವಾ. ನಮ್ಮ ಮನಿ ಪೂರಾ ನೀರಾಗ ಹೋತು. ಜಗಳಾಡಾಕೂ ಒಂದು ಗ್ವಾಡಿ ಉಳೀಲಿಲ್ಲ." ಚಂದ್ರವ್ವ ಅವನ ಕೈಗೂ ಒಂದು ರೊಟ್ಟಿ ಇಟ್ಟಳು.

ಕರೆದಾಗ ಇಬ್ಬರೂ ಒಳಗೆ ಹೋಗಿ ಬೇರೆ ಬೇರೆ ಕಡೆ ನಿಂತರು. ಮುಂದಿನ ತಾರೀಖು ಬಿತ್ತು. ಹೊರಬಂದು, "ಎಂದೈತಂತ?" "ಮುಂದಿನ ತಿಂಗಳು," ಎಂದು ಮಾತಾಡಿಕೊಂಡು, ಒಬ್ಬರ ಹಿಂದೆ ಒಬ್ಬರು ಮನೆಗೆ ನಡೆದರು. ಓಣಿಯ ತಿರುವು ಬಂದ ಕೂಡಲೇ ಅವಳು ಸೆರಗು ಹೊದ್ದು ಮುಖ ತಿರುಗಿಸಿದಳು. ಮನೆ ಮುಟ್ಟುವಷ್ಟರಲ್ಲಿ ಅವನು ಮತ್ತೆ ಪ್ರತಿವಾದಿ.

ಅವತ್ತಿನಿಂದ ಅವಳ ತಾರೀಖಿನ ಹಾದಿಯನ್ನು ನಾನೂ ಕಾಯತೊಡಗಿದೆ. ಆ ದಿನ ನನಗೂ ಯಾರೋ ಇದ್ದಾರೆ ಅನಿಸುತ್ತಿತ್ತು. ಮಲ್ಲಪ್ಪ ನನ್ನ ಬೆನ್ನು ತಟ್ಟಿ, "ಏನಪಾ, ವಾದಿ ಕಡೆ ವಕೀಲಾ, ಹೊಟ್ಟಿ ತುಂಬ ಉಣ್ಣು," ಎನ್ನುತ್ತಿದ್ದ.

ಪರೀಕ್ಷೆ ಹತ್ತಿರ ಬಂದಾಗ ಮಲ್ಲಪ್ಪನ ಕಾಲು ಬಿದ್ದವು, ನಡೆಯುವುದು ನಿಂತಿತು. ಸಮೀರವಾಡಿಯಲ್ಲಿ ನೌಕರಿಯಲ್ಲಿದ್ದ ಮಗ ಬಸು ಅಪ್ಪ ಅವ್ವನನ್ನು ತನ್ನ ಕಡೆ ಕರೆದೊಯ್ಯುವವನಿದ್ದ. ರಾಜಿ ಮಾಡಿಕೊಳ್ಳೋಣ, ಗೋಡೆಯ ಆಚೆಗಿನದು ನಮಗೆ, ಈಚೆಗಿನದು ಅತ್ತೆಗೆ ಎಂದು ವಕೀಲರ ಮೂಲಕ ಹೇಳಿ ಕಳಿಸಿದ. ಅವಳು ದಾವೆಯಲ್ಲಿ ಕೇಳಿದ್ದೇ ಅಷ್ಟು. ಮುಂದಿನ ತಾರೀಖಿಗೆ ಕೋರ್ಟಿನ ಪಡಸಾಲೆಯಲ್ಲಿ ಅವಳ ವಕೀಲರು ಖುಷಿಯಿಂದ ಕಾಗದ ಮುಂದಿಟ್ಟರು.

"ಸಹಿ ಮಾಡಿದ ಮ್ಯಾಲ ಏನಾಗತೈತ್ರಿ ಸಾಹೇಬ್ರ?"

"ಕೇಸ್ ಮುಗೀತೈತಿ ಯವ್ವಾ. ನೀ ಗೆದ್ದಂಗ. ಇನ್ನ ಕೋರ್ಟಿಗೆ ಅಲಿಯೂದು ತಪ್ಪತು ನಿನಗ."

ಚಂದ್ರವ್ವ ಪೆನ್ನು ಹಿಡಿದವಳು ಕೆಳಗಿಟ್ಟಳು. "ವಿಚಾರ ಮಾಡತೇನ್ರಿ," ಎಂದಳು. ವಕೀಲರಿಗೆ ತಲೆ ಕೆಟ್ಟಿತು. ಅರ್ಧ ಮನೆಗಾಗಿ ಇಷ್ಟು ವರ್ಷ ಬಡಿದಾಡಿದವಳಿಗೆ ಅರ್ಧ ಮನೆ ಬೇಡವಾಯಿತೇ ಎಂದು ನನ್ನನ್ನು ಕೇಳಿದರು. ಕಾರಣ ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಸರ್ ಮುಂದೆ ನಿಂತಂತೆಯೇ ನಿಂತೆ.

ಅಷ್ಟರಲ್ಲಿ ಬಸು ಅಪ್ಪನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಮುದುಕ ನಾಚಿಕೆಯಿಂದ ಯಾರ ಮುಖವನ್ನೂ ನೋಡಲಿಲ್ಲ.

"ಅಕ್ಕಾ, ನನಗಿನ್ನ ಬರಾಕ ಆಗೂದಿಲ್ಲ. ಕೂಸಿನಂಗ ಹೊತ್ತು ತರತಾನ. ಸಹಿ ಮಾಡಿಬಿಡು."

ಅವಳು ತಮ್ಮನ ಕಾಲನ್ನು ನೋಡಿದಳು. ಪೆನ್ನು ಎತ್ತಿಕೊಂಡು ಸಹಿ ಮಾಡಿದಳು.

ಆಚೆಗಿನ ಬಾಗಿಲಿಗೆ ಕೀಲಿ ಬಿತ್ತು. ಗೋಡೆಯಾಚೆ ಸದ್ದಿಲ್ಲ. ನಾನು ಓದುವಾಗ ಹೊಸ್ತಿಲಿಗೆ ಬಂದು ಕೂರುವುದನ್ನು ಅವಳು ಬಿಟ್ಟಳು. ಆ ಮನೆಯಲ್ಲಿ ನಾವಿಬ್ಬರೂ ಒಂದೊಂದು ಮೂಲೆ ಹಿಡಿದೆವು. "ಮುಧೋಳಕ್ಕ ಹೋಗಿ ಅಲ್ಲಿಂದ ಸಮೀರವಾಡಿ ಬಸ್ ಹತ್ತಿದರ ಆತು, ಹೋಗಿ ಬಾ ಆಯಿ," ಎಂದೆ. "ಕರೀಲಾರದ ಮನಿಗೆ ಹೆಂಗ ಹೋಗೂದಲೇ? ಕೋರ್ಟಿನವರಾದ್ರ ಸಮನ್ಸ್ ಕೊಟ್ಟು ಕರೀತಿದ್ರು," ಎಂದಳು.

ನಾನು ಎರಡನೇ ವರ್ಷಕ್ಕೆ ಬೆಳಗಾವಿಯ ಕಾಲೇಜಿಗೆ ಬದಲಾಯಿಸಿಕೊಂಡೆ. ವಕೀಲಿ ಸನದು ಪಡೆದು ಜಮಖಂಡಿಗೆ ಮರಳುವಷ್ಟರಲ್ಲಿ ಅಕ್ಕ ತಮ್ಮ ಇಬ್ಬರೂ ತೀರಿಹೋಗಿದ್ದರು. ಅವಳನ್ನು ನಾನು ಕಡೆಯ ಸಲ ಕಂಡದ್ದು ಮೊದಲ ವರ್ಷದ ಫಲಿತಾಂಶ ಬಂದ ದಿನ. ಪಾಸಾಗಿದ್ದೆ, ಪೇಡೆ ತಂದಿದ್ದೆ. ಅವಳು ಪೇಡೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೇಳಿದಳು.

"ಪಾಸಾದಿ ಅಂದ್ರ ಈಗ ನೀ ಕೇಸ್ ಹಾಕಬಹುದಲಾ?"

"ಇನ್ನೂ ಎರಡು ವರ್ಷ ಐತಿ ಆಯಿ. ಯಾರ ಮ್ಯಾಲ ಹಾಕಬೇಕಾಗೈತಿ?"

"ಮಲ್ಲ್ಯಾನ ಮ್ಯಾಲ."

"ರಾಜಿ ಆಗೇತಿ. ಏನಂತ ಹಾಕೂದು?"

"ಓದೀಯಲಾ, ಏನರೆ ಹುಡಿಕು. ಅವನ ಕಡೆ ಮಾಳಗಿ ಮ್ಯಾಲಿನ ಮಳಿ ನೀರು ನನ್ನ ಅಂಗಳದಾಗ ಬೀಳತಾವಂತ ಹಾಕು."

"ನಿಲ್ಲೂದಿಲ್ಲ ಆಯಿ. ಮೊದಲನೇ ತಾರೀಖಿಗೇ ಹೊರಗ ಒಗೀತಾರ."

ಚಂದ್ರವ್ವ ಕೀಲಿ ಹಾಕಿದ ಬಾಗಿಲ ಕಡೆ ನೋಡಿದಳು.

"ಒಂದು ತಾರೀಖು ಆದ್ರ ಸಾಕಪಾ," ಎಂದಳು.