ಎಡಗೈಯ ಮಂತ್ರವಾದಿಗಳು

ನಿಮ್ಮೊಬ್ಬರಿಗೇ ಹೇಳುತ್ತೇನೆ: ನಾನು ಹುಟ್ಟು ಎಡಚ. ಈ ಪರದೇಶದಲ್ಲಿ, ಎಲ್ ಸೆಗುಂಡೋದ ನನ್ನ ಆಫೀಸಿನಲ್ಲಿ ಮೌಸನ್ನು ಎಡಕ್ಕಿಟ್ಟುಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಆದರೆ ಸೆರಿಟೋಸ್ ಊರಿನಲ್ಲಿ ನಮ್ಮವರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೆ ಎಡಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡೇ ಕೂರುತ್ತೇನೆ. ಬಿಟ್ಟರೆ ಪ್ರಸಾದಕ್ಕೆ ಅದೇ ಮೊದಲು ಮುಂದಾಗುತ್ತದೆ. ಚಿಕ್ಕಂದಿನಲ್ಲಿ ಅಜ್ಜಿ ಅದನ್ನು ಟವೆಲ್ಲಿನಿಂದ ಬೆನ್ನಿಗೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದರು. ನಲವತ್ತಾರು ವರ್ಷವಾದರೂ ಆ ಕೈಗೆ ಬುದ್ಧಿ ಬಂದಿಲ್ಲ.

ಆ ಆಸ್ತಿಯೇ ಮಗಳು ಸಿರಿಗೂ ಬಂತು. ಅವಳಿಗೀಗ ಒಂಬತ್ತು. ಧಾರವಾಡದಿಂದ ಬಂದಿರುವ ನನ್ನ ಅತ್ತೆಗೆ ಮೊಮ್ಮಗಳು ಎಡಗೈಯಲ್ಲಿ ಚಪಾತಿ ಮುರಿಯುವುದನ್ನು ಕಂಡರೆ ತುತ್ತು ಗಂಟಲಲ್ಲಿ ಇಳಿಯದು. "ಆ ಕೈ ಬ್ಯಾಡ ನನ್ನವ್ವ, ಈ ಕೈ." ಹೊತ್ತು ಹೊತ್ತಿಗೂ ಇದೇ. ಹುಡುಗಿ ಊಟವನ್ನೇ ಕಡಿಮೆ ಮಾಡಿದಳು. ನಾನು ಪಕ್ಕದಲ್ಲೇ ಕೂತು ಬಲಗೈಯಲ್ಲಿ ಚಪಾತಿ ಮುರಿಯುತ್ತಿದ್ದೆ. ಅತ್ತೆಯ ಮುಂದೆ ನಾನೂ ಬಲಗೈಯವನೇ ಅಲ್ಲವೇ!

ಆ ಭಾನುವಾರ ಸ್ಯಾನ್ ಡಿಯೇಗೋಗೆ ಹೋದದ್ದು ಸಮುದ್ರ ನೋಡಲು. ಬಿಸಿಲಿಗೆ ಹೆದರಿ ಮ್ಯೂಸಿಯಮ್ಮಿಗೆ ನುಗ್ಗಿದೆವು. ಅಲ್ಲೊಂದು ಕೋಣೆ ತುಂಬ ಹದಿನೆಂಟನೇ ಶತಮಾನದ ಇಟಲಿಯ ಎಚಿಂಗ್ ಚಿತ್ರಗಳು. ಅಂಗೈಯಗಲದ ಕಾಗದ, ಕೂದಲೆಳೆಯಂಥ ಗೆರೆ, ಒಳಗೆ ಪುರಾಣಕ್ಕೇ ಹುಚ್ಚು ಹಿಡಿದಂತಿತ್ತು: ಮೇಕೆಕಾಲಿನ ಗಂಡಸರು, ಮುರಿದ ಕಂಬಗಳ ನಡುವೆ ಹಾವು ಸುಡುವ ಗಡ್ಡದ ಮಂತ್ರವಾದಿಗಳು, ಬೇರೆ ಕೆಲಸವಿಲ್ಲದೆ ಎಲ್ಲವನ್ನೂ ನೋಡುತ್ತ ಕೂತ ಗೂಬೆ. ಯಾವ ಕಥೆ ಎಂದು ಕೇಳಬೇಡಿ, ಬರೆದವನಿಗೂ ಗೊತ್ತಿತ್ತೋ ಇಲ್ಲವೋ. ಮೇಕೆಕಾಲಿನ ತಾಯಿಯೊಬ್ಬಳು ಕೂಸಿಗೆ ಹಾಲೂಡುತ್ತಿದ್ದಳು. ಅತ್ತೆ "ಪಾಪ, ಬಾಣಂತಿ" ಎಂದು ಅಲ್ಲೇ ನಿಂತುಬಿಟ್ಟರು.

ಆಗ ಸಿರಿ ಕೂಗಿದಳು. "ಅಪ್ಪಾ, ಲುಕ್! ಹೀ ಈಸ್ ಎ ಲೆಫ್ಟಿ!" ಹೌದು, ಯೋಧನ ಕತ್ತಿ ಎಡಗೈಯಲ್ಲಿ! ಪಕ್ಕದ ಚಿತ್ರದ ಮಂತ್ರವಾದಿಯ ಕೋಲೂ ಎಡಗೈಯಲ್ಲಿ, ಅದರಾಚೆ ಬೇಟೆಗಾರನ ಈಟಿಯೂ. ಇಡೀ ಗೋಡೆ ನಮ್ಮ ಪಾರ್ಟಿ!

ಗೋಡೆಯ ಮೇಲಿನ ಚೀಟಿ ಓದಿ ನನ್ನ ಮುಖ ಸಣ್ಣಗಾಯಿತು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀರಿ, ಆಸಿಡ್ಡಿನಲ್ಲಿ ಅದ್ದಿ, ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರುತ್ತದಂತೆ. ತಗಡಿನಲ್ಲಿ ಎಲ್ಲರೂ ಬಲಗೈಯವರೇ. ನನ್ನದು ಇದರ ತದ್ವಿರುದ್ಧ ಕೇಸು: ತಗಡಿನಲ್ಲಿ ಎಡ, ಅಜ್ಜಿ ಒತ್ತಿದ ಪ್ರಿಂಟಿನಲ್ಲಿ ಬಲ. ವಿಷಯ ತಿಳಿದು ಸಿರಿಯ ಕಣ್ಣು ತುಂಬಿತು. "ಸೋ ದೇ ಆರ್ ಫೇಕ್?"

ಅತ್ತೆಗೂ ಬಿಡಿಸಿ ಹೇಳಿದೆ. ಅವರು ಕನ್ನಡಕ ಏರಿಸಿಕೊಂಡರು.

"ಉಲ್ಟಾ ಬರತದ ಅಂತ ಆ ಮನಶಾಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿರಲೇಬೇಕು, ಅದೇ ಅವನ ಕಸುಬು."

"ಸರಿ ಮಾಡಬೇಕಂದ್ರ ಮಾಡಬಹುದಿತ್ತು?"

"ಮೊದಲೇ ಉಲ್ಟಾ ಬರೆದಿದ್ದರೆ ಆಗ್ತಿತ್ತು."

"ಮತ್ತ ಹಂಗ ಬಿಟ್ಟಾನಲ್ಲ! ಅಂವಗ ತಪ್ಪು ಅನ್ನಿಸಿಲ್ಲ" ಎಂದರು ಅತ್ತೆ. ಬಾಣಂತಿಯ ಚಿತ್ರವನ್ನು ಇನ್ನೊಮ್ಮೆ ನೋಡಿ ಬಂದರು.

ರಾತ್ರಿ ಊಟಕ್ಕೆ ಸಿರಿಯ ಎಡಗೈ ಚಪಾತಿಯ ಕಡೆ ಹೋಗಿ ಅರ್ಧಕ್ಕೇ ನಿಂತಿತು. ಅತ್ತೆ ಪಲ್ಯ ಬಡಿಸುತ್ತ, "ಕೈ ತೊಳಕೊಂಡೀಯಿಲ್ಲ? ಉಣ್ಣು ಮತ್ತ" ಎಂದರು. ಹುಡುಗಿ ಮೂರು ಚಪಾತಿ ತಿಂದಳು!

ನಾನು ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡೆ. "ಅತ್ತೆ, ನಾನೂ ಎಡಚನೇ" ಎಂದವನೇ ಎಡಗೈಯಲ್ಲಿ ಅನ್ನ ಸಾರು ಕಲಸಿ ಎತ್ತಿದೆ. ನಲವತ್ತು ವರ್ಷ ಊಟದ ಕೆಲಸವಿಲ್ಲದೆ ಕೂತ ಕೈ. ತುತ್ತು ನೇರ ಅಂಗಿಯ ಮೇಲೆ ಬಿತ್ತು. ಹೆಂಡತಿ ಬಿದ್ದು ಬಿದ್ದು ನಕ್ಕಳು. ಅತ್ತೆ ಮಾತ್ರ ಇನ್ನೊಂದು ಸೌಟು ಸಾರು ಹಾಕಿ, "ಸಾವಕಾಶ ಉಣ್ರಿ, ಅಳಿಯಂದಿರ. ಕೂಸಿಗೆ ರೂಢಿ ಅದ, ನಿಮಗಿಲ್ಲ" ಎಂದರು.

ಎರಡನೆಯ ತುತ್ತು ನೆಟ್ಟಗೆ ಬಾಯಿಗೇ ಬಂತು.