ಸ್ವಿಚ್ ಹಾಕಿದ್ದು ಯಾರು

ವಾರಕ್ಕೆ ಅರವತ್ತು ಡಾಲರ್. ಅಡುಗೆಮನೆಗೆ ಅದಕ್ಕಿಂತ ಒಂದು ಸೆಂಟೂ ಹೆಚ್ಚಿಲ್ಲ ಎಂದು ಊರ್ಮಿಳಾ ಗಟ್ಟಿಮಾಡಿಕೊಂಡದ್ದು 1991ರ ಆಗಸ್ಟ್‌ನಲ್ಲಿ, ಗಂಡ ತ್ರಿವಿಕ್ರಮನ ಕೆಲಸ ಹೋದ ವಾರ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಕೊಂಡು ಎರಡು ವರ್ಷವಾಗಿತ್ತು. ಅವರು ಸಾಲ ತೆಗೆದಾಗ ಬಡ್ಡಿ ಶೇಕಡಾ ಹದಿನೇಳು. ತ್ರಿವಿಕ್ರಮ ಇದ್ದ ಕಾರ್ಖಾನೆ ಒಂದೇ ದಿನ ನಲವತ್ತು ಜನ ಎಂಜಿನಿಯರುಗಳನ್ನು ಮನೆಗೆ ಕಳಿಸಿತು. ಆಮೇಲೆ ಅವನಿಗೆ ಸಿಕ್ಕಿದ್ದು ಒಂದು ಗೋದಾಮಿನಲ್ಲಿ ವಾರಕ್ಕೆ ಮೂರು ದಿನದ ಕೆಲಸ.

ಊರ್ಮಿಳಾ ತುಮಕೂರಿನವಳು. ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಳು. 1988ರಲ್ಲಿ ಎರಡು ವರ್ಷದ ಮಗಳು ಅಪರ್ಣಳನ್ನು ಎತ್ತಿಕೊಂಡು ಸಿಡ್ನಿಗೆ ಬಂದ ಮೇಲೆ ಪಾಠ ನಿಂತಿತು, ಪಾಠ ಮಾಡುವ ಬುದ್ಧಿ ನಿಲ್ಲಲಿಲ್ಲ. ಪೇಪರಿನ ಜಾಹೀರಾತು ನೋಡಿ ಒಂದು ಹಳೆಯ ಫ್ರೀಜರ್ ಕೊಂಡಳು. ಮಲಗಿಸಿದ ಬೀರುವಿನಂತೆ ಉದ್ದವಾಗಿದ್ದು, ಮೇಲಿನಿಂದ ಮುಚ್ಚಳ ಎತ್ತಿ ತೆಗೆಯುವಂಥದು. ಅದನ್ನು ಗ್ಯಾರೇಜಿನಲ್ಲಿ ಇಡಿಸಿದಳು. ಶನಿವಾರ ಮಧ್ಯಾಹ್ನ ಫ್ಲೆಮಿಂಗ್ಟನ್ ಮಾರ್ಕೆಟ್ ಮುಚ್ಚುವ ಹೊತ್ತಿಗೆ ಹೋದರೆ ವ್ಯಾಪಾರದವರು ಉಳಿದದ್ದನ್ನು ಹೊತ್ತುಕೊಂಡು ಹೋಗಲಾರದೆ ಎರಡು ಡಾಲರಿಗೆ ಒಂದು ಪೆಟ್ಟಿಗೆ ಟೊಮೆಟೊ ಕೊಡುತ್ತಿದ್ದರು. ಆ ಟೊಮೆಟೊ ರಾತ್ರಿಯೊಳಗೆ ಗೊಜ್ಜಾಗಿ ಡಬ್ಬಿ ಸೇರುತ್ತಿತ್ತು. ಬಟಾಣಿ ಸುಲಿದು, ಬಿಸಿನೀರಿಗೆ ಹಾಕಿ ತೆಗೆದು, ಒರೆಸಿ, ತಟ್ಟೆಯಲ್ಲಿ ಹರಡಿ ಗಟ್ಟಿಮಾಡಿದ ಮೇಲೆಯೇ ಚೀಲಕ್ಕೆ. ಹಾಗೆ ಮಾಡಿದರೆ ಕಾಳಿಗೆ ಕಾಳು ಅಂಟುವುದಿಲ್ಲ, ಬೇಕಾದಷ್ಟನ್ನೇ ಹಿಡಿಯಲ್ಲಿ ತೆಗೆಯಬಹುದು. ತೆಂಗಿನಕಾಯಿ ಅಗ್ಗವಾದ ದಿನ ಹತ್ತು ಕಾಯಿ ತುರಿದು ಇಡುತ್ತಿದ್ದಳು. ಐಸ್‌ಕ್ರೀಮಿನ ಖಾಲಿ ಡಬ್ಬಿಗಳಲ್ಲಿ ಹುಳಿ, ಬಿಸಿಬೇಳೆಭಾತು, ಕೂಟು. ಪ್ರತಿಯೊಂದರ ಮೇಲೂ ಅಂಟುಪಟ್ಟಿ, ಅದರ ಮೇಲೆ ಹೆಸರು, ತಾರೀಖು. ಹಳೆಯದು ಮೇಲೆ, ಹೊಸದು ಕೆಳಗೆ.

ತ್ರಿವಿಕ್ರಮನ ಸ್ನೇಹಿತರು ಇದನ್ನು ನೋಡಿ ನಗುತ್ತಿದ್ದರು. "ಏನಮ್ಮ, ಯುದ್ಧ ಬರುತ್ತಾ?" ಎನ್ನುತ್ತಿದ್ದ ಗೋಪೀನಾಥ. ಬ್ಲಾಕ್‌ಟೌನಿನ ಬಳಿ ಇದ್ದ ಅವನು ಗಂಡನ ಕಾಲೇಜು ದಿನಗಳ ಗೆಳೆಯ, ಭಾನುವಾರದ ಊಟಕ್ಕೆ ಹೇಳದೆಯೇ ಬರುವವನು. ತ್ರಿವಿಕ್ರಮನೂ ನಗುತ್ತಿದ್ದ. ಆ ನಗುವವರೆಲ್ಲ ಉಣ್ಣುತ್ತಿದ್ದುದು ಅದೇ ಫ್ರೀಜರಿನದನ್ನು ಎಂದು ಊರ್ಮಿಳಾ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು.

1992ರ ಮಾರ್ಚ್ ಒಂದನೇ ತಾರೀಖು, ಭಾನುವಾರ. ವರ್ಲ್ಡ್ ಕಪ್‌ನಲ್ಲಿ ಇಂಡಿಯಾ ಮತ್ತು ಆಸ್ಟ್ರೇಲಿಯಾ ಆಟ. ಹಾಲಿನಲ್ಲಿ ಸೆಖೆ ಎಂದು ತ್ರಿವಿಕ್ರಮ ಟಿವಿಯನ್ನು ಗ್ಯಾರೇಜಿಗೆ ಸಾಗಿಸಿದ. ಏಳೆಂಟು ಜನ ಗಂಡಸರು ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಊರ್ಮಿಳಾ ಮೂರು ಸಲ ಕಾಫಿ, ಎರಡು ಸಲ ಬೋಂಡ ಕೊಟ್ಟಳು. ಇಂಡಿಯಾ ಒಂದೇ ಒಂದು ರನ್ನಿನಿಂದ ಸೋತಿತು. ಮನೆಯಲ್ಲಿ ಸಾವಾದಂತೆ ಮುಖ ಮಾಡಿಕೊಂಡು ಎಲ್ಲರೂ ಎದ್ದು ಹೋದರು. ತ್ರಿವಿಕ್ರಮ ಟಿವಿಯನ್ನು ಒಳಗಿಟ್ಟು ಮಲಗಿದ.

ಗುರುವಾರ ಸಂಜೆ ಊರ್ಮಿಳಾ ಫ್ರೀಜರಿನಲ್ಲಿ ಮೇಲಿದ್ದ ಡಬ್ಬಿಯೊಂದನ್ನು ತೆಗೆದು ಬಿಸಿಬೇಳೆಭಾತು ಬಿಸಿಮಾಡಿದಳು. ಅದು ಅಪರ್ಣಳಿಗೆ ಪ್ರಾಣ. ಆರು ವರ್ಷದ ಹುಡುಗಿ ಎರಡು ಸಲ ಹಾಕಿಸಿಕೊಂಡಳು. ಊರ್ಮಿಳಾಗೆ ಗುರುವಾರದ ಉಪವಾಸ. ತ್ರಿವಿಕ್ರಮ ಹೊಟ್ಟೆ ಸರಿಯಿಲ್ಲವೆಂದು ಮೊಸರನ್ನ ಉಂಡ.

ನಡುರಾತ್ರಿಯಿಂದ ಮಗುವಿಗೆ ವಾಂತಿ. ಬೆಳಗಾಗುವಷ್ಟರಲ್ಲಿ ಕಣ್ಣು ಗುಳಿಬಿದ್ದಿತ್ತು, ನೀರು ಕೊಟ್ಟರೂ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. "ಏನು ತಿಂದಳು?" ಎಂದು ನರ್ಸ್ ಕೇಳಿದಳು. ಊರ್ಮಿಳಾ ಹೇಳಿದಳು. ನರ್ಸ್ ಬರೆದುಕೊಂಡು, ಅನ್ನವನ್ನು ಸರಿಯಾಗಿ ತಣ್ಣಗಿಡದಿದ್ದರೆ ಹೀಗಾಗುತ್ತದೆ, ಮತ್ತೆ ಬಿಸಿಮಾಡಿದರೂ ವಿಷ ಹೋಗುವುದಿಲ್ಲ ಎಂದು ಮೆತ್ತಗೆ ತಿಳಿಸಿದಳು. ವಿಜ್ಞಾನದ ಟೀಚರಿಗೆ ಆ ಪಾಠ! ಊರ್ಮಿಳಾಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಶನಿವಾರ ಮಗು ಮನೆಗೆ ಬಂತು. ಊರ್ಮಿಳಾ ತನ್ನನ್ನು ತಾನೇ ಬೈದುಕೊಳ್ಳುತ್ತ ಮನೆಯೆಲ್ಲ ಓಡಾಡಿದಳು. ಡಬ್ಬಿ ತೊಳೆದದ್ದು ಸಾಲದೇ? ಆರುವ ಮುಂಚೆ ಮುಚ್ಚಿದೆನೇ? ನಾಲ್ಕು ಕಾಸು ಉಳಿಸಲು ಹೋಗಿ ಮಗುವಿಗೆ ವಿಷ ಹಾಕಿದೆನೇ? "ನನ್ನ ಕೈಯಿಂದಲೇ ಆಯ್ತಲ್ರೀ" ಎಂದು ಗಂಡನ ಮುಂದೆ ಅತ್ತಳು. ತ್ರಿವಿಕ್ರಮ ಅವಳ ಬೆನ್ನು ಸವರಿ, "ಆಗಿದ್ದಾಯ್ತು, ಯೋಚನೆ ಮಾಡ್ಬೇಡ" ಎಂದ.

ಭಾನುವಾರ ಅವಳು ಫ್ರೀಜರಿನ ಆಳಕ್ಕೆ ಕೈ ಹಾಕಿದಳು. ಬಟಾಣಿಯ ಚೀಲ ಇಟ್ಟಿಗೆಯಾಗಿತ್ತು. ಬಿಡಿಬಿಡಿಯಾಗಿ ಉದುರಬೇಕಾದ ಕಾಳು ಒಂದೇ ಗಟ್ಟಿ. ಇಡ್ಲಿಗಳು ಒಂದರ ಮೇಲೊಂದು ಕೂತು ಚಪ್ಪಟೆಯಾಗಿದ್ದವು. ತಳದಲ್ಲಿ ಅಂಗೈ ದಪ್ಪದ ಮಂಜಿನ ಹಾಳೆ, ಅದರೊಳಗೆ ಟೊಮೆಟೊದ ಕೆಂಪು. ಎಲ್ಲವೂ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿತ್ತು.

"ರೀ, ಮೋಟಾರ್ ಕೆಟ್ಟಿದೆ ಅನ್ಸುತ್ತೆ."

"ಹಳೇ ಮೆಷಿನ್ನು. ಹಾಗೇ ಆಗುತ್ತೆ" ಎಂದ ತ್ರಿವಿಕ್ರಮ, ಪೇಪರಿನಿಂದ ಕಣ್ಣೆತ್ತದೆ.

ಸೋಮವಾರ ರಿಪೇರಿಯವನು ಬಂದ. ಕಾಲುಚೀಲ ಮೊಣಕಾಲಿಗೆ ಎಳೆದುಕೊಂಡಿದ್ದ ಮುದುಕ. ಬಂದು ನೋಡಿದ್ದಕ್ಕೇ ನಲವತ್ತೈದು ಡಾಲರ್, ಎಂದರೆ ವಾರದ ಅಡುಗೆಯ ಮುಕ್ಕಾಲು ಪಾಲು. ಊರ್ಮಿಳಾ ಅದೇ ಅರವತ್ತರಿಂದ ಎಣಿಸಿ ಕೊಟ್ಟಳು. ಗಂಡ ಬಾಗಿಲಿಗೆ ಒರಗಿ ನೋಡುತ್ತಿದ್ದ. ಮುದುಕ ಹಿಂದೆ ಮುಂದೆ ತಡಕಿ, ಒಳಗಿನ ಮಂಜಿಗೆ ಟಾರ್ಚು ಬಿಟ್ಟು, ಮೋಟಾರಿಗೆ ಏನೂ ಆಗಿಲ್ಲ ಎಂದ. ಯಾರೋ ಸ್ವಿಚ್ ಆರಿಸಿದ್ದಾರೆ, ಏನಿಲ್ಲವೆಂದರೂ ಎರಡು ದಿನ, ಎಂದ. ಗೋಡೆಯಲ್ಲಿದ್ದ ಒಂದೇ ಪ್ಲಗ್ಗನ್ನು ಬೆರಳಿನಿಂದ ತಟ್ಟಿ ತೋರಿಸಿದ.

ಅವನ ವ್ಯಾನು ತಿರುವು ದಾಟಿತು. ಗ್ಯಾರೇಜಿನಲ್ಲಿ ಒಂದೇ ಪ್ಲಗ್. ಮ್ಯಾಚಿನ ಭಾನುವಾರ ಅದಕ್ಕೆ ಟಿವಿ ಸಿಕ್ಕಿಸಿದವನು ಒಬ್ಬನೇ.

"ಟಿವಿಗೆ ಅಂತ ಫ್ರೀಜರ್ ಆಫ್ ಮಾಡಿದ್ರಾ?"

"ಹೂಂ... ಪ್ಲಗ್ ವಾಪಸ್ ಸಿಕ್ಕಿಸಿ ಸ್ವಿಚ್ ಹಾಕೋದು ಮರ್ತೇಬಿಟ್ಟೆ ಕಣೇ. ಆ ಮ್ಯಾಚ್ ಹಾಗಾಯ್ತಲ್ಲ."

"ಯಾವಾಗ ಗೊತ್ತಾಯ್ತು ನಿಮಗೆ?"

"ಈಗ. ಅವನು ಹೇಳ್ದಾಗ."

"ಹಾಗಾದ್ರೆ ಸ್ವಿಚ್ ಹಾಕಿದ್ದು ಯಾರು?"

ತ್ರಿವಿಕ್ರಮ ಫ್ರೀಜರಿನ ಮುಚ್ಚಳ ಮುಚ್ಚಿದ.

"ನಾನು ಹಾಕಿಲ್ಲ. ಅಪರ್ಣಂಗೆ ಕೈ ಎಟುಕಲ್ಲ. ಯಾರ್ರೀ ಹಾಕಿದ್ದು?"

"ಹೋಗ್ಲಿ ಬಿಡು ಊರ್ಮಿ. ಊಟ ತಾನೆ, ಮತ್ತೆ ಮಾಡಿದ್ರಾಯ್ತು."

ಊರ್ಮಿಳಾಗೆ ಅಲ್ಲಿಯವರೆಗೆ ಬಂದಿದ್ದ ಸಿಟ್ಟೆಲ್ಲ ಸಿಟ್ಟೇ ಅಲ್ಲ ಅನ್ನಿಸಿತು. ಮರೆವು ಯಾರಿಗಿಲ್ಲ? ಅವಳೂ ಹಾಲು ಉಕ್ಕಿಸಿದ್ದಾಳೆ. ಆದರೆ ಈ ಮನುಷ್ಯ ಸದ್ದಿಲ್ಲದೆ ಸ್ವಿಚ್ ಹಾಕಿ ಬಂದು ಕೂತ. ನರ್ಸ್ ಪಾಠ ಹೇಳುವಾಗ ಪಕ್ಕದಲ್ಲಿದ್ದ. ಹೆಂಡತಿ ತನ್ನ ಕೈಯನ್ನು ತಾನೇ ಶಪಿಸಿಕೊಂಡು ಅಳುವಾಗ ಬೆನ್ನು ಸವರಿದ. ಬೆನ್ನು ಸವರಿದ! ಅವಳು ನಲವತ್ತೈದು ಡಾಲರ್ ಎಣಿಸುವಾಗಲೂ ಬಾಗಿಲಿಗೆ ಒರಗಿ ನಿಂತಿದ್ದ.

ಅವಳು ಕಿರುಚಲಿಲ್ಲ. ಗ್ಯಾರೇಜಿನ ಮೂಲೆಯಿಂದ ಗುದ್ದಲಿ ತಂದು ಅವನ ಕಾಲಬಳಿ ಬಿಸಾಡಿದಳು.

"ಹಿತ್ತಲಲ್ಲಿ ಗುಂಡಿ ತೋಡಿ."

"ಏನು ಮಾಡ್ತಿದೀಯಾ ನೀನು?"

"ತೋಡಿ ಅಂದೆ."

ಮಾರ್ಚ್ ತಿಂಗಳ ಗಟ್ಟಿ ಜೇಡಿ. ಅವನು ಒಂದೂವರೆ ಗಂಟೆ ತೋಡಿದ. ಅವಳು ನಲವತ್ತಮೂರು ಡಬ್ಬಿಗಳನ್ನು ಒಂದೊಂದಾಗಿ ತಂದು, ಅಂಟುಪಟ್ಟಿಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಗುಂಡಿಗೆ ಸುರಿದಳು. "ಹುರುಳೀಕಾಯಿ ಹುಳಿ, ಜನವರಿ ಹತ್ತೊಂಬತ್ತು. ಟೊಮೆಟೊ ಗೊಜ್ಜು, ಫೆಬ್ರವರಿ ಎಂಟು. ಅವತ್ತು ನಂಗೆ ಜ್ವರ ಇತ್ತು, ಆದ್ರೂ ಮಾಡಿದ್ದೆ." ಪಕ್ಕದ ಮನೆಯ ಹೆಂಗಸು ಬೇಲಿಯ ಮೇಲಿಂದ ಇಣುಕಿ, ಊರ್ಮಿಳಾಳ ಮುಖ ನೋಡಿ, ಒಳಗೆ ಹೋದಳು. ತ್ರಿವಿಕ್ರಮ ತಲೆ ಎತ್ತಲಿಲ್ಲ. ಕೊನೆಗೆ ಗುಂಡಿ ಮುಚ್ಚಿದ ಮೇಲೆ ಅವಳು ಉಳಿದಿದ್ದ ಹದಿನೈದು ಡಾಲರನ್ನು ಅವನ ಜೇಬಿಗೆ ತುರುಕಿದಳು.

"ಇನ್ನು ಎಂಟು ವಾರ ಮನೆ ಊಟ ನಿಮ್ದು. ವಾರಕ್ಕೆ ಅರವತ್ತು. ಹೆಚ್ಚು ಕೇಳಿದ್ರೆ ಕೊಡಲ್ಲ, ಏನು ಮಾಡಿದ್ರಿ ಅಂತ ಕೇಳೋದೂ ಇಲ್ಲ."

ಮೊದಲ ವಾರದ ಕೊನೆಗೆ ಬ್ರೆಡ್ಡು, ಉಪ್ಪಿನಕಾಯಿ. ಎರಡನೇ ವಾರ ತ್ರಿವಿಕ್ರಮ ಗೋಪೀನಾಥನನ್ನು ಊಟಕ್ಕೆ ಕರೆದ. ಬುಧವಾರಕ್ಕೆ ಅಕ್ಕಿ ಮುಗಿಯಿತು. ಮಗುವಿಗೆ ಬೇಕಾದ್ದನ್ನು ಊರ್ಮಿಳಾ ನೋಡಿಕೊಂಡಳು, ಅವನ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಐದನೇ ವಾರ ಅವನು ಶನಿವಾರ ಮಧ್ಯಾಹ್ನ ತಾನೇ ಫ್ಲೆಮಿಂಗ್ಟನ್ನಿಗೆ ಹೋಗಿ ಒಂದು ಪೆಟ್ಟಿಗೆ ಬದನೆಕಾಯಿ ಹೊತ್ತು ತಂದ. ಅರ್ಧ ಕೊಳೆತಿತ್ತು. ಅವನ ಜೊತೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಲು ಅವಳಿಗೆ ಜೂನ್ ಬರಬೇಕಾಯಿತು.

ಆ ಎಂಟು ವಾರಗಳ ಬಿಡುವಿನಲ್ಲಿ ಅವಳು ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಹಿಡಿದಳು. ಮೊದಲು ತರಕಾರಿ ಹೆಚ್ಚುವುದು, ಪಾತ್ರೆ. ಅಲ್ಲಿನ ಶೀತಲ ಕೋಣೆಯಲ್ಲಿ ಮೂರು ವರ್ಷದ ಹಿಂದಿನ ಮಾಂಸ ಬಿದ್ದಿದ್ದನ್ನು ಮೇಲ್ವಿಚಾರಕಿಗೆ ತೋರಿಸಿದ್ದು ಅವಳೇ. ತಾನು ಮಾಂಸ ಮುಟ್ಟುವವಳಲ್ಲ, ಆದರೂ ಗ್ಲೌಸ್ ಹಾಕಿ ಅಷ್ಟನ್ನೂ ತೆಗೆಸಿ, ಪ್ರತಿ ಪೆಟ್ಟಿಗೆಗೂ ತಾರೀಖು ಬರೆಸಿದಳು. 1995ರ ಹೊತ್ತಿಗೆ ಉಗ್ರಾಣ ಪೂರ್ತಿ ಅವಳ ಕೈಯಲ್ಲಿತ್ತು. ಅಷ್ಟರಲ್ಲಿ ತ್ರಿವಿಕ್ರಮನಿಗೂ ಸರಿಯಾದ ಕೆಲಸ ಸಿಕ್ಕಿತ್ತು. ಅಡುಗೆಮನೆಗೆ ನೂರು ಡಾಲರ್ ಇಡಬಹುದಿತ್ತು. ಊರ್ಮಿಳಾ ಎಪ್ಪತ್ತರಲ್ಲೇ ನಡೆಸಿದಳು.

ಗೋಪೀನಾಥ ಮೆಲ್ಬರ್ನಿಗೆ ಹೋಗಿ ನೆಲೆಸಿದ್ದ. 1997ರ ಈಸ್ಟರ್ ರಜೆಯಲ್ಲಿ ಮೂವರೂ ಕಾರಿನಲ್ಲಿ ಅಲ್ಲಿಗೆ ಹೋದರು. ಶನಿವಾರ ಮಧ್ಯಾಹ್ನ ಅವನ ಮನೆಯಲ್ಲಿ ನಾಲ್ಕು ಸಂಸಾರಗಳ ಊಟ. ಹೋಳಿಗೆಯಾದ ಮೇಲೆ ತ್ರಿವಿಕ್ರಮ ಕಥೆ ಶುರುಮಾಡಿದ.

"ನಮ್ಮನೆ ಫ್ರೀಜರ್ ಕಥೆ ಕೇಳಿದೀರಾ? ವರ್ಲ್ಡ್ ಕಪ್ ಮ್ಯಾಚ್ ಅಂತ ಪ್ಲಗ್ ತೆಗ್ದೆ. ಬಟಾಣಿ ಕರಗ್ತು ಅಂತ ನಮ್ಮ ಮೇಡಂ ನನ್ನ ಕೈಲಿ ಗುಂಡಿ ತೋಡಿಸಿದ್ರು! ಬಟಾಣಿಗೆ ಸಮಾಧಿ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಗೋಪೀನಾಥನ ಹೆಂಡತಿ ವಿಜಯಾ ಕಣ್ಣೊರೆಸಿಕೊಂಡಳು. ಐದು ವರ್ಷದಲ್ಲಿ ಆ ಕಥೆಗೆ ಅಷ್ಟು ನಯ ಬರಬೇಕಾದರೆ ಇವನು ಇನ್ನೆಷ್ಟು ಮನೆಗಳಲ್ಲಿ ಹೇಳಿರಬೇಕು ಎಂದು ಊರ್ಮಿಳಾಗೆ ಹೊಳೆಯಿತು.

"ಪೂರ್ತಿ ಹೇಳ್ರೀ" ಎಂದಳು.

"ಪೂರ್ತಿನೇ ಹೇಳ್ದೆನಲ್ಲ."

"ಮಗು ಆಸ್ಪತ್ರೇಲಿ ಮಲಗಿತ್ತು. ಅದು ಹೇಳ್ಲಿಲ್ಲ. ನಾನೇ ವಿಷ ಹಾಕ್ದೆ ಅಂತ ಅಳ್ತಾ ಇದ್ರೆ ಇವ್ರು ಸುಮ್ನಿದ್ರು. ಅದೂ ಹೇಳ್ಲಿಲ್ಲ. ಫ್ರೀಜರ್ ಕರಗಿದ್ದು ಗೊತ್ತಾಗಿ, ಯಾರಿಗೂ ಹೇಳ್ದೆ ಸ್ವಿಚ್ ಹಾಕಿ ಬಂದಿದ್ರು ವಿಜಯಾ. ಈಗ ನಗಿ."

ವಿಜಯಾ ಎದ್ದು ತಟ್ಟೆಗಳನ್ನು ತೆಗೆಯತೊಡಗಿದಳು.

ಮರುದಿನ ಹ್ಯೂಮ್ ಹೈವೇ ಹಿಡಿದು ಹಿಂತಿರುಗಿದರು. ಎರಡೂ ಕಡೆ ಒಣಗಿದ ಹುಲ್ಲುಗಾವಲು, ಬಿಸಿಲು. ಹಿಂದಿನ ಸೀಟಿನಿಂದ ಅಪರ್ಣ, ಈಗ ಹನ್ನೊಂದರವಳು, ಇಂಗ್ಲಿಷಿನಲ್ಲೇ ಕೇಳಿದಳು.

"ಡ್ಯಾಡ್, ಡಿಡ್ ಯೂ ನೋ? ಬಿಫೋರ್ ಐ ಏಟ್ ಇಟ್?"

ತ್ರಿವಿಕ್ರಮ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ.

"ಮಂಗಳವಾರ ಸಂಜೆ ಗೊತ್ತಾಯ್ತು ಪುಟ್ಟ. ಕೈ ಹಾಕಿ ನೋಡ್ದೆ, ಎಲ್ಲಾ ನೀರು. ಅಮ್ಮ ಬೈತಾಳೆ ಅಂತ ಸ್ವಿಚ್ ಹಾಕ್ದೆ. ಮತ್ತೆ ಗಟ್ಟಿಯಾದ್ರೆ ಸರಿಹೋಗುತ್ತೆ ಅಂದ್ಕೊಂಡೆ." ಕನ್ನಡಿಯಲ್ಲಿ ಮಗಳನ್ನು ನೋಡಿ ಹೇಳಿದ, "ಗುರುವಾರ ಅಮ್ಮ ಆ ಡಬ್ಬಿ ಬಿಸಿ ಮಾಡುವಾಗ ನಾನು ಅಡುಗೆಮನೇಲೇ ನಿಂತಿದ್ದೆ. ನಂಗೆ ಭಯ ಇತ್ತು. ಅದಕ್ಕೇ ನಾನು ಮೊಸರನ್ನ ತಿಂದೆ."

ಲಾರಿಯೊಂದು ಕಾರನ್ನು ಅಲ್ಲಾಡಿಸಿ ಹಾದುಹೋಯಿತು. ಮೊಸರನ್ನದ ವಿಷಯ ಊರ್ಮಿಳಾಗೆ ಐದು ವರ್ಷ ಹೊಳೆದಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದವನ ಮಾತನ್ನು ನಂಬಿ ಅವಳೇ ಮೊಸರು ಹಾಕಿದ್ದಳು. ಹೊಡೆಯಬೇಕು ಅನ್ನಿಸಿತು.

ಅಪರ್ಣ ಬಾಗಿಲು ತೆರೆದು ಇಳಿದಳು. ಬೇಲಿಯವರೆಗೆ ನಡೆದು, ಅಪ್ಪನಿಗೆ ಬೆನ್ನು ಹಾಕಿ ನಿಂತಳು. ತ್ರಿವಿಕ್ರಮ ಇಳಿಯಲು ಹೋದ.

"ನೀವು ಕೂತ್ಕೊಳಿ. ಇಷ್ಟು ವರ್ಷ ಕೂತಿರ್ಲಿಲ್ವಾ" ಎಂದಳು ಊರ್ಮಿಳಾ, ಮತ್ತು ತಾನೇ ಇಳಿದು ಮಗಳ ಹತ್ತಿರ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಬಂದರು. ಊರ್ಮಿಳಾ ಡ್ರೈವರ್ ಕಡೆಯ ಬಾಗಿಲು ತೆರೆದು ಕೈ ಚಾಚಿದಳು. ತ್ರಿವಿಕ್ರಮ ಕೀಲಿಕೈ ಕೊಟ್ಟು, ಸುತ್ತು ಹಾಕಿ ಬಂದು ಪಕ್ಕದ ಸೀಟಿನಲ್ಲಿ ಕೂತ. ಸಿಡ್ನಿ ಇನ್ನೂ ಆರು ಗಂಟೆಯ ದಾರಿ. ಅಷ್ಟೂ ದೂರ ಅವಳೇ ಓಡಿಸಿದಳು.