ಕೆರೆ ಏರಿಯ ಮೇಲೆ ಬಿಟ್ಟ ಕಾರು

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದಲ್ಲಿದ್ದಾಗ ನಾನು ಕೊಂಡ ಹಳೆಯ ಕಾರು ಕೆನೆ ಬಣ್ಣದ್ದು. ಅಲ್ಲ, ಬಿಳಿ ಅನ್ನುತ್ತಾಳೆ ತಂಗಿ. ಬಣ್ಣದ ವಿಷಯದಲ್ಲಿ ನನ್ನನ್ನು ನಂಬಬೇಕಾಗಿಲ್ಲ. ಕಬ್ಬಿನ ಲಾರಿಗಳ ಹಿಂದೆ ಓಡಾಡಿ, ಚಕ್ರದಿಂದ ಸಿಡಿದ ಕಲ್ಲುಗಳಿಗೆ ಬಾನೆಟ್ಟಿನ ಬಣ್ಣ ಅಲ್ಲಲ್ಲಿ ಎದ್ದು ಕಪ್ಪು ಚುಕ್ಕೆಗಳಾಗಿದ್ದವು.

ಗೌರಿಹಬ್ಬ ಮುಗಿದ ಮೇಲೆ ಅವ್ವನನ್ನು ನಾಗಮಂಗಲದಾಚೆಯ ಅವಳ ತವರಿಗೆ ಕರೆದೊಯ್ಯುವುದೆಂದಾಗಿತ್ತು. ಅಣ್ಣನ ಬಾಗಿಲಲ್ಲಿ ಮಗನ ಕಾರಿನಿಂದ ಇಳಿಯಬೇಕೆಂದು ಅವಳಿಗೆ ಬಹಳ ಆಸೆ. ಹೊರಡುವ ಹಿಂದಿನ ದಿನ, ಆ ಚುಕ್ಕೆಗಳನ್ನು ಡಾಂಬರಿನ ಕಲೆ ಅಂದುಕೊಂಡು, ತೆಂಗಿನ ನಾರಿಗೆ ಬೂದಿ ಹಚ್ಚಿ, ಹಿತ್ತಾಳೆ ಬಿಂದಿಗೆ ಬೆಳಗುವಂತೆ ಬಾನೆಟ್ಟನ್ನೆಲ್ಲ ಉಜ್ಜಿಬಿಟ್ಟಳು.

ಬಾನೆಟ್ಟಿನ ತುಂಬ ಗೀರುಗಳೆದ್ದವು. ಬಣ್ಣದ ಡಬ್ಬಿ ತಂದು, ಅವಳ ಎದುರಿಗೇ ಕೂತು, ಉಪ್ಪುಕಾಗದದಿಂದ ತಿಕ್ಕಿ, ಚುಕ್ಕೆಗಳಿಗೆ ಬೆಂಕಿಕಡ್ಡಿಯ ತುದಿಯಿಂದ, ಗೀರುಗಳಿಗೆ ಕುಂಚದಿಂದ ಬಳಿಯತೊಡಗಿದೆ. ಅವಳು ಡಬ್ಬಿ ಹಿಡಿದು ನಿಂತಳು. ಒಣಗಿದರೆ ಹೊಂದಿಕೊಳ್ಳುತ್ತದೆಯೇ ಎಂದು ಕೇಳಿದಳು. ಹೂಂ ಅಂದೆ. ಒಣಗಿದಾಗ ಗೀರುಗಳಿಗಿಂತ ನನ್ನ ತೇಪೆಗಳೇ ಎದ್ದು ಕಂಡವು.

ಮರುದಿನ ಹೊರಟೆವು. ದಾರಿಯಲ್ಲಿ ಅವ್ವ ಏನೇನು ಮಾತಾಡಿದಳೋ, ನನ್ನಲ್ಲಿ ಉಳಿದಿರುವುದು ಊರು ಹತ್ತಿರವಾದಾಗ ಆಡಿದ್ದು ಮಾತ್ರ.

"ಕೆರೆ ಏರಿ ಮ್ಯಾಲೇ ನಿಲ್ಸ್ಬುಡು ಮಗ. ಊರೊಳಕ್ಕೆ ಬ್ಯಾಡ."

ನಡೆದೇ ಹೋದೆವು. ಸೋದರಮಾವ ಜಗುಲಿಯಿಂದಲೇ ಕೇಳಿದರು: "ಎಲ್ಲಲಾ ನಿನ್ ಕಾರು? ಮಳೇಲಿ ನೆಂದದೂಂತ ಪೆಟ್ಟಿಗೇಲಿ ಮಡಗ್ಬುಟ್ ಬಂದಾ?"

"ಕೆಟ್ಟೋಗದೆ ಕಣಣ್ಣ," ಅವ್ವ ಅಂದಳು. "ಬಸ್ಸಲ್ ಬಂದೊ."

ಎಲ್ಲರೂ ನನ್ನತ್ತ ನೋಡಿದರು. ತಲೆಯಾಡಿಸಿದೆ. ಯಾವ ಬಸ್ಸು, ಸೀಟು ಸಿಕ್ಕಿತೇ ಎಂದು ಅತ್ತೆ ಕೇಳಿದರು. ಅದಕ್ಕೂ ಏನೋ ಹೇಳಿದೆ.

ಸಂಜೆ ಮಾವ ನಮ್ಮನ್ನು ಬಸ್ಸು ಹತ್ತಿಸಲು ಹೊರಟರು. ಬೇಡವೆಂದರೂ ಕೇಳಲಿಲ್ಲ. ಬಸ್ಸು ಬಂತು, ಹತ್ತಿದೆವು. ಕಿಟಕಿಯಾಚೆ ಅವರು ಕೈಯೆತ್ತಿ ನಿಂತೇ ಇದ್ದರು. ಮುಂದಿನ ಸ್ಟಾಪಿನಲ್ಲಿ ಇಳಿದು, ಗದ್ದೆಯ ಬದುವಿನ ಮೇಲೆ ಕೆರೆಯತ್ತ ಹಿಂದಕ್ಕೆ ನಡೆದೆವು. ತವರಿನವರು ಕಟ್ಟಿಕೊಟ್ಟ ತೆಂಗಿನಕಾಯಿ ಚೀಲ ಅವ್ವನ ತಲೆಯ ಮೇಲಿತ್ತು. ನನಗೆ ಕೊಡು ಎಂದೆ, ಕೊಡಲಿಲ್ಲ.

ಕಾರಿನ ಬಾಗಿಲಿಗೆ ಕೈ ಹಾಕಿದಾಗ ತಡೆದಳು. "ಇನ್ನೂ ಬೆಳಕದೆ. ಊರೋರು ಗದ್ದೆಯಿಂದ ಬತ್ತಾವ್ರೆ. ಎಲ್ರೂ ವೋಗ್ಲಿ."

ಏರಿಯ ಇಳಿಜಾರಿನಲ್ಲಿ, ಕಾರಿಗೆ ಬೆನ್ನು ಮಾಡಿ, ಅದು ಯಾರದೋ ಎಂಬಂತೆ ಇಬ್ಬರೂ ಕೂತೆವು.